ಕಾರ್ಡಿಗೆ ಸೇರಿಸಿದ ಎರಡು ಏಟು

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಕುಶಾಲನಗರದ ಕಡೆಯವನಾದ ನಾನು ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದ ಮೇಲೆ ಕೆಲಸ ಖಾಯಂ, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಖಾಯಂ ಆದರೆ ಮಾತ್ರ ಮಗಳನ್ನು ಕೊಡುವುದೆಂದು ಸೋದರಮಾವ ಬೇರೆ ಪಟ್ಟು ಹಿಡಿದಿದ್ದರು. ಎಸ್ಟೇಟಿಗೆಲ್ಲ ಗೊತ್ತಿದ್ದ ವಿಷಯ ಅದು.

ಒಂದು ಭಾನುವಾರ ಧಣಿ ನನ್ನನ್ನು ಕ್ಲಬ್ಬಿನ ಗಾಲ್ಫ್ ಮೈದಾನಕ್ಕೆ ಕರೆದೊಯ್ದರು.

"ರೈಟ್ರೇ, ಚೆಂಡಿಗೆ ನಾನೆಷ್ಟು ಏಟು ಹೊಡೀತೀನೋ ಅಷ್ಟು ಬರ್ಕೊಳ್ಳಿ" ಎಂದು ಕಾರ್ಡೊಂದನ್ನು ಕೊಟ್ಟರು.

ದೂರದಲ್ಲೊಂದು ಬಾವುಟ, ಅದರ ಬುಡದಲ್ಲೊಂದು ಕುಳಿ. ಪುಟ್ಟ ಚೆಂಡನ್ನು ಹೊಡೆಯುತ್ತ ಹೋಗಿ ಅದರೊಳಗೆ ಬೀಳಿಸಬೇಕು. ಹೀಗೆ ಒಂಬತ್ತು ಕುಳಿ. ಉಳಿದದ್ದನ್ನು ಕೇಳಲು ನನ್ನ ಬಿಗುಮಾನ ಬಿಡಲಿಲ್ಲ. ಪಿಕಿಂಗಿನಲ್ಲಿ ಯಾರು ಹೆಚ್ಚು ಹಣ್ಣು ಕುಯ್ದರೋ ಅವರ ಹೆಸರು ನಮ್ಮ ಪುಸ್ತಕದಲ್ಲಿ ಮೇಲೆ. ಇಲ್ಲೂ ಹಾಗೇ ಎಂದುಕೊಂಡೆ.

ಜೊತೆಯಲ್ಲಿ ಆಡುತ್ತಿದ್ದ ಪಕ್ಕದ ತೋಟದ ಧಣಿಯ ಏಟುಗಳನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆಟ ಮುಗಿದಾಗ ನಮ್ಮ ಧಣಿಯದು ಒಂದು ಕಮ್ಮಿ. ಅಷ್ಟಕ್ಕೆ ಅವರು ಸೋಲಬಾರದೆಂದುಕೊಂಡೆ. ಎರಡು ಏಟು ಸೇರಿಸಿಬಿಟ್ಟೆ. ಧಣಿ ನನ್ನನ್ನು ನಂಬಿ, ನೋಡದೆಯೇ ಸಹಿ ಹಾಕಿದರು.

ಒಂದು ಏಟು ಜಾಸ್ತಿಯಾಗಿ ಧಣಿ ಸೋತರೆಂದು ಕ್ಲಬ್ಬಿನ ವರಾಂಡದಲ್ಲಿ ಸಾರಿದಾಗಲೇ ನನ್ನ ತಪ್ಪು ನನಗೆ ತಿಳಿದದ್ದು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ನಗುತ್ತ ಎದುರಾಳಿಯ ಕೈ ಕುಲುಕುವುದನ್ನು ನೋಡಿ ತಡೆಯಲಾಗಲಿಲ್ಲ.

"ಧಣಿ, ಎರಡು ನಾನೇ ಸೇರ್ಸಿದ್ದು. ಜಾಸ್ತಿ ಹೊಡೆದವ್ರು ಗೆಲ್ತಾರೆ ಅನ್ಕಂಡಿದ್ದೆ."

ಎಲ್ಲರೂ ಬಿದ್ದುಬಿದ್ದು ನಕ್ಕರು. ಸಹಿಯಾದ ಕಾರ್ಡನ್ನು ತಿದ್ದುವಂತಿರಲಿಲ್ಲ. ಧಣಿ ಮಾತ್ರ ನಗದೆ ನನ್ನನ್ನು ಮತ್ತೆ ಮೈದಾನಕ್ಕೆ ಕರೆದೊಯ್ದು ಕೋಲು ಕೈಗಿತ್ತರು.

"ಎಷ್ಟು ಕಮ್ಮಿ ಏಟಲ್ಲಿ ಕುಳಿಗೆ ಹಾಕ್ತೀರೋ ಅಷ್ಟು ಒಳ್ಳೇದು. ಆಟ ಅಂದ್ರೆ ಇಷ್ಟೇ. ಹೊಡೀರಿ, ನಿಮ್ಮ ಏಟು ನೀವೇ ಎಣಿಸ್ಕೊಳ್ಳಿ" ಎಂದವರೇ ಬೆನ್ನು ತಿರುಗಿಸಿ ನಿಂತರು.

ಹುಲ್ಲು ಕಿತ್ತೆ, ಮಣ್ಣು ಹಾರಿಸಿದೆ. ಮೂರು ಸಲ ಕೋಲು ಚೆಂಡಿಗೆ ತಾಗಲೇ ಇಲ್ಲ. ಅವನ್ನು ಎಣಿಸದೆ ಬಿಟ್ಟುಬಿಡಲೇ ಎನ್ನಿಸಿತು. ಅಂತೂ ಚೆಂಡು ಕುಳಿಗೆ ಬಿತ್ತು.

"ಎಷ್ಟು?"

"ಹತ್ತೊಂಬತ್ತು, ಧಣಿ. ಗಾಳಿಗೆ ಬೀಸಿದ್ದೂ ಸೇರಿ."

ಆಗ ಅವರು ತಿರುಗಿದರು. "ಮಾವನಿಗೆ ಕಾಗದ ಹಾಕಿ ರೈಟ್ರೇ. ಕೆಲಸ ಖಾಯಂ ಆಯ್ತು ಅಂತ ಬರೀರಿ."