ಬೀಬಿಜಾನ್ ಮನೆಯ ನಡುಗೋಡೆ

2022ರ ಮಳೆಗಾಲದಲ್ಲಿ ನಾನು ನವಲಗುಂದ ತಾಲೂಕಿನಲ್ಲಿ ಕಿರಿಯ ಇಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ರಸ್ತೆ, ಚರಂಡಿ, ಶಾಲೆಯ ಕೊಠಡಿ ನನ್ನ ನಿತ್ಯದ ಕೆಲಸ. ಮಳೆ ಹಿಡಿದರೆ ಅದರ ಮೇಲೆ ಇನ್ನೊಂದು ಹೊರೆ ಬೀಳುತ್ತಿತ್ತು, ಬಿದ್ದ ಮನೆಗಳ ಸಮೀಕ್ಷೆ. ಮನೆ ಪೂರ್ತಿ ಬಿದ್ದಿದೆಯೋ, ಅರ್ಧ ಬಿದ್ದಿದೆಯೋ, ಬರೀ ಒಂದು ಗೋಡೆ ಕುಸಿದಿದೆಯೋ ನೋಡಿ ದರ್ಜೆ ಹಾಕಿ ವರದಿ ಕೊಡಬೇಕು. ಪರಿಹಾರವೆಲ್ಲ ಆ ದರ್ಜೆಯ ಮೇಲೆ ನಿಲ್ಲುವುದರಿಂದ ಆ ದಿನಗಳಲ್ಲಿ ಜನ ನನ್ನ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಪೆನ್ನು ನೋಡುತ್ತಿದ್ದರು.

ನಮ್ಮ ಕಡೆಯ ಎರೆ ನೆಲ ಹತ್ತಿಗೆ, ಕಡಲೆಗೆ ತಾಯಿ. ಮನೆಗೆ ಮಾತ್ರ ಮಲತಾಯಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅದರ ಮೇಲೆ ನಿಂತ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಒಳಗೊಳಗೇ ಅಲುಗುತ್ತಿರುತ್ತವೆ. ಗೋಡೆಗಳೋ, ಎರಡು ಬದಿ ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿದಂಥವು. ಮಾಳಿಗೆಯ ತೊಲೆಗಳೆಲ್ಲ ಅವುಗಳ ಮೇಲೆಯೇ ಕೂತಿರುತ್ತವೆ.

ಮೊರಬದ ಆಚೆಯ ಒಂದು ಊರಿನಿಂದ ಒಂದು ಬೆಳಿಗ್ಗೆ ಫೋನ್ ಬಂತು. ಮನೆ ಬಿದ್ದಿದೆ, ಒಂದು ಜೀವ ಹೋಗಿದೆ. ಜಿಟಿಜಿಟಿ ಮಳೆಯಲ್ಲಿ ಜೀಪು ಹುಗಿಯುತ್ತ ಏಳುತ್ತ ನಾನು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಶವವನ್ನು ಆಸ್ಪತ್ರೆಗೆ ಒಯ್ದಿದ್ದರು.

ಮನೆ ಬೀಬಿಜಾನ್ ಎಂಬ ಮುದುಕಿಯದು. ಜಮಖಾನ ನೇಯುವ ಕೈ. ಗಂಡ ತೀರಿ ಎಷ್ಟೋ ಕಾಲವಾಗಿತ್ತು. ತಾನು ಮುಂದಿನ ಭಾಗದಲ್ಲಿದ್ದು, ಹಿಂದಿನದನ್ನು ಟೇಲರ್ ಶಂಕ್ರಪ್ಪ ಮತ್ತು ಅವನ ಹೆಂಡತಿ ನೀಲವ್ವನಿಗೆ ಬಾಡಿಗೆಗೆ ಕೊಟ್ಟಿದ್ದಳು. ಎರಡು ಭಾಗಗಳ ಮಧ್ಯೆ ಇದ್ದದ್ದು ಒಂದೇ ಗೋಡೆ. ಅವತ್ತು ಶಂಕ್ರಪ್ಪ ಹಾಲು ತರಲು ಹೋಗಿದ್ದ. ಬೀಬಿಜಾನ್ ಅಂಗಳದಲ್ಲಿ ಆಡಿಗೆ ಮೇವು ಹಾಕುತ್ತಿದ್ದಳು. ನೀಲವ್ವ ಆ ನಡುಗೋಡೆಗೆ ಹೊಂದಿಸಿ ಹೂಡಿದ್ದ ಒಲೆಯ ಮುಂದೆ ಕೂತಿದ್ದಳು.

"ರೊಟ್ಟಿ ಬಡಿಯೂ ಸಪ್ಪಳ ಕೇಳತಿತ್ರಿ. ಧಡ್ ಅಂತು. ಆಮ್ಯಾಲ ಸಪ್ಪಳನ ಇಲ್ರಿ," ಎಂದಳು ಬೀಬಿಜಾನ್.

ನೆರೆಹೊರೆಯವರನ್ನು ಕೇಳಿದೆ. ಮಾಲೀಕರಿಗೂ ಬಾಡಿಗೆಯವರಿಗೂ ಹೇಗಿತ್ತು? ನನ್ನ ಅನುಭವದಲ್ಲಿ ಬಿದ್ದ ಬಾಡಿಗೆ ಮನೆಯ ಹಿಂದೆ ಒಂದು ಹಳೆಯ ಜಗಳ ಇದ್ದೇ ಇರುತ್ತದೆ. ಇಲ್ಲಿ ಹಾಗಿರಲಿಲ್ಲ. ಪಂಚಮಿಯ ಉಂಡಿ ಆ ಕಡೆ ಹೋಗುತ್ತಿತ್ತು, ರಮಜಾನದ ಸುರಕುಂಬಾ ಪಾಯಸ ಈ ಕಡೆ ಬರುತ್ತಿತ್ತು. ನೀಲವ್ವ ಮುದುಕಿಯ ಮಗ್ಗದಲ್ಲಿ ಕೂತು ನೇಯುವುದನ್ನೂ ಕಲಿತಿದ್ದಳಂತೆ. "ಅವರು ಮಾತಾಡೂದು ನಿಂತಿದ್ದ ನಾವು ಕಂಡಿಲ್ರಿ," ಎಂದರು ಬಾಜೂ ಮನೆಯವರು.

ಆಳುಗಳು ಮಣ್ಣು ತೆಗೆಯುತ್ತಿದ್ದರು. ನಡುಗೋಡೆ ಇದ್ದ ಕಡೆ ಒಂದು ಜಮಖಾನ ಸಿಕ್ಕಿತು, ಕೆಸರು ಕುಡಿದು ಭಾರವಾಗಿತ್ತು. ಮೇಲಿನ ಅಂಚಿನಲ್ಲಿ ಮೊಳೆ ಹೊಡೆದ ತೂತುಗಳಿದ್ದವು. ಜಮಖಾನವನ್ನು ನೆಲಕ್ಕೆ ಹಾಸುತ್ತಾರೆ, ಇಲ್ಲವೇ ಮಾರುತ್ತಾರೆ; ಗೋಡೆಗೆ ಮೊಳೆ ಹೊಡೆದು ಯಾರು ಹಾಕುತ್ತಾರೆ? ಅದರ ಹತ್ತಿರವೇ ಒಂದು ಕ್ಯಾಲೆಂಡರ್ ಸಿಕ್ಕಿತು, ಅಂಗಡಿಯವರು ಪುಕ್ಕಟೆ ಕೊಡುವಂಥದ್ದು. ಅದಕ್ಕೆ ಅಂಟಿಕೊಂಡು ಬಂದ ಹೆಂಟೆಯ ಮೇಲೆ ಈಚೆಗೆ ಬಳಿದ ಸಗಣಿ-ಮಣ್ಣಿನ ಗಿಲಾವು ಕಾಣುತ್ತಿತ್ತು. ಬಿರುಕು ಮುಚ್ಚಲು ಬಳಿದದ್ದು. ಜಮಖಾನವನ್ನೂ ಕ್ಯಾಲೆಂಡರನ್ನೂ ಬದಿಗೆ ತೆಗೆದಿಡಲು ಆಳುಗಳಿಗೆ ಹೇಳಿದೆ.

ಇಂಥ ಗೋಡೆಯ ಒಂದು ಬದಿ ಬಿರುಕು ಬಿಟ್ಟರೆ ನಾವು ಅಷ್ಟು ಹೆದರುವುದಿಲ್ಲ. ಎರೆ ನೆಲದಲ್ಲಿ ಬಿರುಕಿಲ್ಲದ ಮನೆ ಯಾವುದಿದೆ? ಒಂದು ಬದಿ ಬರೀ ಉಬ್ಬಿದ್ದರೂ ಸ್ವಲ್ಪ ಕಾಲ ತಡೆದೀತು. ಆದರೆ ಒಂದೇ ಜಾಗದಲ್ಲಿ ಈ ಬದಿ ಬಿರುಕು, ಆ ಬದಿ ಉಬ್ಬು ಇದ್ದರೆ ಗೋಡೆ ಒಳಗೇ ಸೀಳಿ ಎರಡಾಗಿದೆ ಎಂದು ಅರ್ಥ. ಆಗ ಅವತ್ತೇ ತೊಲೆಯ ಕೆಳಗೆ ಕಂಬ ಕೊಡಬೇಕು. ಬೇವಿನ ಮರದ ಎರಡು ಗಟ್ಟಿ ಕಂಬ ಸಾಕಾಗುತ್ತದೆ.

ನೀಲವ್ವನಿಗೆ ಮಣ್ಣು ಕೊಟ್ಟ ಮೇಲೆ ಶಂಕ್ರಪ್ಪ, ಬೀಬಿಜಾನ್ ಇಬ್ಬರನ್ನೂ ಊರಿನ ಶಾಲೆಯಲ್ಲಿ ಇರಿಸಿದ್ದರು. ಮರುದಿನ ಹೋದೆ. ಪಡಸಾಲೆಯ ಈ ತುದಿಗೆ ಅವನು, ಆ ತುದಿಗೆ ಅವಳು. ಹೇಳಿಕೆ ಬರೆದುಕೊಳ್ಳಲೇಬೇಕಿತ್ತು. ಕ್ಯಾಲೆಂಡರಿನ ಹಿಂದೆ ಏನಿತ್ತು ಎಂದು ಶಂಕ್ರಪ್ಪನನ್ನು ಕೇಳಿದೆ.

ಅವನು ತಲೆ ಎತ್ತಲಿಲ್ಲ. "ಬಿರುಕ್ರಿ. ಬ್ಯಾಸಗಿಂದ ಇತ್ತು, ಮಳಿಗೆ ದೊಡ್ಡದಾತು. ಮುಂದಿನ ಮನಿ ಯಮ್ಮಗ ಹೇಳೂಣು ಅಂದೆ. ಹೇಳಿದ್ರ ರಿಪೇರಿ ಮಾಡಸ್ತೀನಿ, ಮನಿ ಖಾಲಿ ಮಾಡ್ರಿ ಅಂತಾರ, ಬ್ಯಾಡ ಅಂದ್ಲ್ರಿ ನೀಲವ್ವ. ಈ ಊರಾಗ ಬ್ಯಾರೆ ಬಾಡಗಿ ಮನಿ ಎಲ್ಲಿ ಸಿಗತಾವ್ರಿ? ಅಕಿನ ಮಣ್ಣ ಬಳದು ಕ್ಯಾಲೆಂಡರ್ ತೂಗ ಹಾಕಿದ್ಲು."

ಆ ತುದಿಯಲ್ಲಿದ್ದ ಬೀಬಿಜಾನ್ ಮುಖ ನಮ್ಮ ಕಡೆ ತಿರುಗಿತು. ನಾನು ಕೇಳುವ ಮೊದಲೇ ಹೇಳಿದಳು.

"ನನ್ನ ಕಡೆ ಗ್ವಾಡಿ ಹೊಟ್ಟಿ ಬಿಟ್ಟಿತ್ರಿ ಸಾಹೇಬ್ರ. ಕಂಡ್ರ ಅಂಜಿ ಬಿಟ್ಟು ಹೋಗತಾರಂತ ಜಮಖಾನಿ ಹೊಡದೆ. ನೀಲವ್ವ ಮೊದಲ ಸಲ ನೇಯ್ದಿದ್ದ ಜಮಖಾನಿ. ಇದನ್ಯಾಕ ಇಲ್ಲಿ ಹಾಕೀಯಬೇ ಅಂತ ಕೇಳಿದ್ಲು. ನೀ ನೇಯ್ದದ್ದು, ಬಂದವರೆಲ್ಲ ನೋಡ್ಲಿ ಅಂದೆ. ಅಗದಿ ಖುಷಿ ಆದ್ಲ್ರಿ." ಸೆರಗು ಬಾಯಿಗೆ ಹೋಯಿತು. "ಮಳಿ ನಿಂತ ಮ್ಯಾಲ ಗ್ವಾಡಿ ಕಟ್ಟಾಕ ಗೌಂಡಿನ ಕರಸಾಕಿ ಇದ್ದೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಹಬ್ಬದ ತಾಟು ದಾಟುತ್ತಿದ್ದ ಆ ಮನೆಯಲ್ಲಿ, ಮಗ್ಗದ ಮುಂದೆ ಗಂಟೆಗಟ್ಟಲೆ ಮಾತು ನಡೆಯುತ್ತಿದ್ದ ಆ ಮನೆಯಲ್ಲಿ, ಗೋಡೆಯ ಒಂದು ಮಾತು ಮಾತ್ರ ಎರಡೂ ಕಡೆಯಿಂದ ಮುಚ್ಚಿಹೋಗಿತ್ತು. ಜಗಳಗಂಟರಾಗಿದ್ದರೆ ಎಂದೋ ಕೂಗಾಡಿಕೊಂಡಿರುತ್ತಿದ್ದರು, ಊರಿಗೆಲ್ಲ ಗೊತ್ತಾಗಿರುತ್ತಿತ್ತು, ನೀಲವ್ವ ಉಳಿದಿರುತ್ತಿದ್ದಳು.

ಬೀಬಿಜಾನ್ ಎದ್ದು ಬಂದು ಅವನ ಹತ್ತಿರ ಕೂತಳು. "ತಮ್ಮಾ, ನಾ ಯಾಕ ಖಾಲಿ ಮಾಡ್ರಿ ಅಂತಿದ್ದೆ? ನನ್ನ ಕಡೆ ಬಂದು ಇರ್ರಿ ಅಂತಿದ್ದೆ."

"ನಾವರ ಎಲ್ಲಿ ಹೋಗತಿದ್ವಿ ಯಮ್ಮಾ? ಗೊತ್ತಾಗಿದ್ರ ಒಂದ ಕಂಬ ತಂದು ಕೊಡತಿದ್ವಿ," ಎಂದ ಶಂಕ್ರಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಸಾಹೇಬ್ರ, ಕಂಬ ಕೊಟ್ಟಿದ್ರ ನಿಂದರತಿತ್ತೇನ್ರಿ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. "ಹೇಳಾಕ ಬರೂದಿಲ್ಲಪ್ಪ," ಎಂದೆ. ನನಗೆ ಗೊತ್ತಿತ್ತು, ನಿಲ್ಲುತ್ತಿತ್ತು. ನಾನೂ ಅವರ ಹಾಗೆಯೇ ಒಂದು ಕ್ಯಾಲೆಂಡರ್ ತೂಗು ಹಾಕಿದೆ, ಅಷ್ಟೇ.

ವರದಿಯಲ್ಲಿ ಕಾರಣ ಎಂಬ ಕಡೆ "ಅತಿವೃಷ್ಟಿ" ಎಂದು ಬರೆದೆ. ಸುಳ್ಳೇನಲ್ಲ. ಮಳೆ ಬಂದಿತ್ತು, ಗೋಡೆ ನೆನೆದಿತ್ತು. ಮನುಷ್ಯರು ಒಬ್ಬರನ್ನೊಬ್ಬರು ಕಳೆದುಕೊಳ್ಳುವ ಹೆದರಿಕೆಗೆ ಬಾಯಿ ಮುಚ್ಚಿಕೊಂಡದ್ದನ್ನು ಬರೆಯಲು ಸರಕಾರಿ ನಮೂನೆಯಲ್ಲಿ ಜಾಗವಿಲ್ಲ.

ಮಳೆ ನಿಂತ ಮೇಲೆ ಶಂಕ್ರಪ್ಪ ಹೊಲಿಗೆ ಯಂತ್ರವನ್ನು ಟಂಟಂ ಆಟೋದಲ್ಲಿ ಏರಿಸಿಕೊಂಡು ಅಣ್ಣಿಗೇರಿಯ ತಮ್ಮನ ಮನೆಗೆ ಹೋದ. ಬೀಬಿಜಾನ್ ಆ ಜಮಖಾನವನ್ನು ತೊಳೆದು ಒಣಗಿಸಿ ಅವನಿಗೆ ಕೊಟ್ಟಳಂತೆ. ಅವನು ಬೇಡ ಎನ್ನಲಿಲ್ಲವಂತೆ. ಬಿಟ್ಟು ಹೋಗುತ್ತಾರೆ ಎಂದು ಹೆದರಿ ಮುಚ್ಚಿಟ್ಟವಳ ಬಾಜೂಕ್ಕೆ ಕೊನೆಗೆ ಯಾರೂ ಉಳಿಯಲಿಲ್ಲ.

ಆಮೇಲೆ ಉಳಿದ ನೌಕರಿಯಲ್ಲಿ ಒಂದು ರೂಢಿ ಮಾಡಿಕೊಂಡೆ. ಬಾಡಿಗೆ ಮನೆ ನೋಡಲು ಹೋದರೆ ಮಾಲೀಕರನ್ನು ಬಾಡಿಗೆಯವರ ಅಡುಗೆಮನೆಗೆ ಕರೆದೊಯ್ಯುತ್ತಿದ್ದೆ, ಬಾಡಿಗೆಯವರನ್ನು ಮಾಲೀಕರ ಕೋಣೆಗೆ. ಒಬ್ಬರ ಗೋಡೆಯನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು. ಎಷ್ಟೋ ಜನ ನಕ್ಕರು, ಕೆಲವರು ಬೇಸರಪಟ್ಟರು. ಈಗ ಧಾರವಾಡದಲ್ಲಿ ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. "ಎಲ್ಲಾ ಛಲೋ ಐತ್ರಿ ಅಂಕಲ್," ಎನ್ನುತ್ತಾರೆ, ಕೇಳಿದಾಗಲೆಲ್ಲ. ನಾನು ಹೂಂ ಎನ್ನುತ್ತ ಅವರ ಅಡುಗೆಮನೆಯೊಳಗೆ ಹೋಗುತ್ತೇನೆ, ಗೋಡೆಯ ಕ್ಯಾಲೆಂಡರನ್ನು ಒಂದು ಕೈಯಿಂದ ಎತ್ತಿ ನೋಡುತ್ತೇನೆ.