ಪಾಯಪ್ಪನವರ ಶೆಡ್ಡಿನ ನೀರು

ನೀಲವ್ವ, ನಿಮ್ಮ ಅತ್ತೆಯ ಮೇಲೆ ಗೋಡೆ ಬಿದ್ದದ್ದು ನನ್ನಿಂದ. ಒಳಗೆ ಒರಳು ಹುಗಿಸಲು ನೀವು ತೋಡಿದ ಕುಣಿಯಿಂದಲ್ಲ. ಐದು ವರ್ಷದಿಂದ ಇದು ನನಗೊಬ್ಬನಿಗೇ ಗೊತ್ತಿತ್ತು.

ಈ ಕಾಗದವನ್ನು ನಿಮ್ಮ ಅಣ್ಣ ಓದಿ ಹೇಳುತ್ತಿರಬಹುದು. ನಡುವೆ ನಿಲ್ಲಿಸಿದರೆ, ಮುಂದೆ ಓದು ಎನ್ನಿ.

ಖಾನಾಪುರದಲ್ಲಿ ನಿಮ್ಮ ಅಡಿಗೆಮನೆಯ ಹಿಂದೆಯೇ ಪಾಯಪ್ಪನವರ ತೋಟ. ಸಲಿಕೆ, ಬುಟ್ಟಿ, ಬೀಜದ ಚೀಲ ಇಡಲು ಅವರಿಗೊಂದು ಶೆಡ್ಡು ಬೇಕಿತ್ತು. ಆ ಬೇಸಿಗೆಯಲ್ಲಿ, ಬಡಗಿಯೆಂದು ನನ್ನನ್ನು ಕರೆಸಿ, ನಿಮ್ಮ ಮಣ್ಣಿನ ಗೋಡೆಯಿಂದ ಒಂದು ಮೊಳ ಬಿಟ್ಟು ಜಾಗ ತೋರಿಸಿದರು. "ಕಾಳಪ್ಪ, ಮಳಿ ನೀರು ನನ್ನ ತ್ವಾಟದಾಗ ಬೀಳಬೇಕು ನೋಡು. ಆ ಬಾಜು ಮಣ್ಣಿನ ಗ್ವಾಡಿ ಐತಿ" ಎಂದರು. ಅಷ್ಟು ಹೇಳಿ ಹಲಸಿಯ ತಮ್ಮ ಹೊಲಕ್ಕೆ ಹೋದವರು ಆ ಮಳೆಗಾಲವೆಲ್ಲ ಅಲ್ಲೇ ಉಳಿದರು.

ಅದರಲ್ಲಿ ಕಷ್ಟವೇನೂ ಇರಲಿಲ್ಲ. ಎರಡು ಎತ್ತರದ ಕಂಬ, ಎರಡು ಗಿಡ್ಡ ಕಂಬ. ಎತ್ತರದವು ನಿಮ್ಮ ಗೋಡೆಯ ಕಡೆ, ಗಿಡ್ಡವು ತೋಟದ ಕಡೆ — ಹಂಚಿನ ಮೇಲೆ ಬಿದ್ದ ಮಳೆ ತಾನಾಗಿ ತೋಟಕ್ಕೆ ಇಳಿಯುತ್ತದೆ. ನಾನು ತಿರುವುಮುರುವಾಗಿ ನೆಟ್ಟೆ. ಬೆಳಗಾವಿಯ ಕ್ಯಾಂಪಿನಲ್ಲಿ ಒಂದು ಬಂಗಲೆಯ ಕೆಲಸ ಒಪ್ಪಿಕೊಂಡಿದ್ದೆ, ಮನಸ್ಸು ಅಲ್ಲಿತ್ತು — ಇಲ್ಲ, ಅದು ಕಾರಣವಲ್ಲ. ಕಂಬದ ಬುಡಕ್ಕೆ ಕಲ್ಲು ಜಡಿದು, ಮೇಲೆ ಜಂತಿ ಕೂರಿಸಿದ ಮೇಲೆ ತಪ್ಪು ಕಂಡಿತು. ಕಿತ್ತು ನೆಡಲು ಎರಡು ದಿನ ಸಾಕಿತ್ತು. ಕೀಳಲಿಲ್ಲ. ಸೂರಿನ ಕೆಳಗೆ ತಗಡಿನ ದೋಣಿ ಕಟ್ಟಿದರೆ ನೀರು ಪಕ್ಕಕ್ಕೆ ಹರಿದು ಹೋಗುತ್ತದೆ, ಬೆಳಗಾವಿಯಲ್ಲಿ ಮಾಡಿಸಿ ತಂದರಾಯಿತು ಎಂದುಕೊಂಡೆ. ಹಂಚು ಹೊದಿಸಿ ರೈಲು ಹತ್ತಿದೆ.

ದೋಣಿ ಮಾಡಿಸಿದೆ ಕೂಡ. ಅದು ಬಂಗಲೆಯ ಹಿತ್ತಿಲಲ್ಲಿ, ನನ್ನ ಸಾಮಾನಿನ ಪೆಟ್ಟಿಗೆಯ ಪಕ್ಕದಲ್ಲಿ, ಒಂದೂವರೆ ತಿಂಗಳು ಒರಗಿಕೊಂಡಿತ್ತು. ಮಳೆ ಹಿಡಿದ ಮೇಲೆ ದಿನಾಲು ಅದನ್ನು ನೋಡುತ್ತಿದ್ದೆ. ನಾಳೆ ಹೋದರಾಯಿತು ಎಂದು —

ಆಷಾಢದಲ್ಲಿ ಖಾನಾಪುರದಿಂದ ಬಂದವರೊಬ್ಬರು ಮಾತಿನ ನಡುವೆ ಹೇಳಿದರು: ಶಿವಪ್ಪನ ಮನೆಯ ಹಿಂದಿನ ಗೋಡೆ ಬಿತ್ತಂತೆ, ಅಕ್ಕಿ ಆರಿಸುತ್ತ ಕೂತಿದ್ದ ಅವನ ತಾಯಿ ಬಾಳವ್ವ ಹೋದಳಂತೆ. ನನಗೆ ಆಗ ಏನೂ ಅನ್ನಿಸಲಿಲ್ಲ. ಕೈಯಲ್ಲಿದ್ದ ಹಲಗೆಗೆ ಹತ್ತರಿ ಹೊಡೆದು ನುಣುಪು ಮಾಡಿ ಮುಗಿಸಿದೆ. ಮರುದಿನ ದೋಣಿಗೆ ಗೋಣಿ ಸುತ್ತಿ ಬೆಳಗಿನ ರೈಲಿಗೆ ಬಂದೆ. ನೀವೆಲ್ಲ ಮುಂದಿನ ಪಡಸಾಲೆಯಲ್ಲಿದ್ದಿರಿ, ಅಳು ಕೇಳಿಸುತ್ತಿತ್ತು. ತೋಟದ ಕಡೆಯಿಂದ ಹೋಗಿ ದೋಣಿ ಕಟ್ಟಿದೆ. ಹೊಸ ತಗಡು ಹೊಳೆಯುತ್ತಿತ್ತು. ಹಳೆಯದೆಂದು ಕಾಣಲಿ ಎಂದು ಕೆಸರು ತಿಕ್ಕಿದೆ.

ಆಮೇಲೆ ಓಣಿಯ ಹಿರಿಯರು ಕೂಡಿದರು. ಗೋಡೆ, ಮಾಡು ಬಲ್ಲವನೆಂದು ನನ್ನನ್ನೇ ಕೇಳಿದರು. ನೀವು ಬಾಗಿಲ ಮರೆಯಿಂದ ಹೇಳಿದಿರಿ: "ಹಿಂದ ಗ್ವಾಡಿಗಿ ನೀರು ಬೀಳೂ ಸಪ್ಪಳ ದಿನಾ ಕೇಳತಿತ್ತ್ರಿ. ಅತ್ತಿಗೂ ಹೇಳಿದ್ನಿ."

"ಅದು ಮಳಿ ಸಪ್ಪಳ," ಎಂದೆ ನಾನು. "ಶೆಡ್ಡಿಗಿ ದೋಣಿ ಐತಿ, ಬೇಕಾದ್ರ ನೋಡ್ರಿ. ಒಳಗ ಒಳ್ಳು ಹುಗಸಾಕ ಗ್ವಾಡಿ ಬಾಜೂಕ ಅಗದಾರ. ಮಣ್ಣು ಸಡಲ ಆಗೇತಿ."

ಹಿರಿಯರು ಬಗ್ಗಿ ನೋಡಿದರು. ದೋಣಿ ಇತ್ತು. ನಿಮ್ಮ ಕುಣಿ ಗೇಣು ಆಳವೂ ಇರಲಿಲ್ಲ. ಅದರಿಂದ ಯಾವ ಗೋಡೆಯೂ ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಹೌದೇನ್ರಿ?" ಎಂದಿರಿ ನೀವು. ಜಗಳಕ್ಕಲ್ಲ — ತಿಳಿದುಕೊಳ್ಳಲು ಕೇಳಿದಿರಿ. ನಾನು ಹೌದೆಂದೆ.

ನಿಮ್ಮ ಗಂಡ ಶಿವಪ್ಪ ಕೂಗಾಡಲಿಲ್ಲ. ತಾಯಿಯ ದಿನಗಳು ಮುಗಿದ ಮೇಲೆ ನಿಮ್ಮನ್ನು ನಂದಗಡಕ್ಕೆ ಕರೆತಂದು ಅಣ್ಣನ ಮನೆಯಲ್ಲಿ ಬಿಟ್ಟು ಹೋದ. ಮತ್ತೆ ಕರೆಯಲು ಬರಲಿಲ್ಲ. ಮುಂದಿನ ವರ್ಷ ಬೀಡಿ ಊರಿನ ಇನ್ನೊಬ್ಬಳನ್ನು ಮದುವೆಯಾದ. ಪಾಯಪ್ಪನವರು ಹಲಸಿಯಿಂದ ಬಂದು, ದೋಣಿ ಮೊದಲಿನಿಂದಲೂ ಇತ್ತೆಂದೇ ನಂಬಿದರು. ಶೆಡ್ಡಿನೊಳಗೆ ಒಂದು ಹನಿ ಸೋರಲಿಲ್ಲವೆಂದು ನಾಲ್ಕು ಜನರ ಮುಂದೆ ನನ್ನನ್ನು ಹೊಗಳಿದರು. ಗೋಡೆ ಬಿದ್ದ ವರ್ಷವೇ ಬೆಳಗಾವಿಯ ದೊಡ್ಡ ಅಧಿವೇಶನಕ್ಕೆ ಮಂಟಪ ಕಟ್ಟುವಾಗ ಅವರ ಮಾತಿನಿಂದಲೇ ನನಗೆ ಕೆಲಸ ಸಿಕ್ಕಿತು. ಹೋದೆ. ಮಾಡಿದೆ.

ಎರಡು ವರ್ಷದ ಹಿಂದೆ ನಿಮ್ಮ ಅಣ್ಣ ಬಾಗಿಲು ಕೂರಿಸಲು ಕರೆದಾಗ ನಂದಗಡಕ್ಕೆ ಬಂದಿದ್ದೆ. ನೀವೇ ಊಟಕ್ಕೆ ಬಡಿಸಿದಿರಿ. ತಾಟು ಇಟ್ಟು, ಅಲ್ಲೇ ನಿಂತು, "ನಾ ಆ ಒಳ್ಳು ಹುಗಸಬಾರದಿತ್ತ್ರಿ" ಎಂದಿರಿ. ಆಗ ಹೇಳಬಹುದಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು — "ಆಗಿದ್ದು ಆತು ಬಿಡ್ರಿ" ಎಂದೆ. ನೀವು ಇನ್ನೊಂದು ರೊಟ್ಟಿ ಹಾಕಿದಿರಿ. ತಿಂದೆ.

ನಿನ್ನೆ ಆ ಹಿರಿಯರಲ್ಲಿ ಬದುಕಿರುವ ಇಬ್ಬರನ್ನು ಕರೆದುಕೊಂಡು ಶಿವಪ್ಪನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಯಾಕೆ ನಿನ್ನೆಯೇ ಎಂದರೆ ನನಗೂ ತಿಳಿಯದು. ಶಿವಪ್ಪ ನೆಲ ನೋಡುತ್ತ, "ಈಗ ಹೇಳಿದ್ರ ನಾ ಏನ್ ಮಾಡ್ಲಿ, ಕಾಳಪ್ಪ?" ಎಂದ. ಒಳಗೆ ಅವನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ನಾನು ಎದ್ದು ಬಂದೆ.

ನಿಮ್ಮನ್ನೂ ಕ್ಷಮೆ ಕೇಳುತ್ತಿಲ್ಲ. ಈ ಕಾಗದವನ್ನು ನಿಮ್ಮ ಅಣ್ಣ ನಂದಗಡದಲ್ಲಿ ಯಾರಿಗೆ ಬೇಕಾದರೂ ಓದಿ ತೋರಿಸಲಿ. ಅವರೆಲ್ಲರ ಎದುರು ನಿಂತು ಇದೇ ಮಾತನ್ನು ಹೇಳಲು ನಾನು ಬರುತ್ತೇನೆ — ನೀವು ಬಾ ಎಂದರೆ ಮಾತ್ರ.