ತೌನೊ ತೆರೆದು ನೋಡಿದ ಪೆಟ್ಟಿಗೆ

ತೌನೊ ಕಾಂಗಸ್‌ನಿಗೆ ಅರವತ್ಮೂರು ವರ್ಷದಲ್ಲಿ ಒಂದು ವಿದ್ಯೆ ಮಾತ್ರ ಹತ್ತಲಿಲ್ಲ, ಸುಮ್ಮನೆ ಕೂರುವುದು. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ನಮ್ಮೂರಿನ ಶಾಲಾ ಬಸ್ಸುಗಳನ್ನೆಲ್ಲ ರಿಪೇರಿ ಮಾಡಿದವನು ಅವನೇ. ಸರಿಹೋದ ಎಂಜಿನ್ನನ್ನೂ ಇನ್ನೊಮ್ಮೆ ಬಿಚ್ಚಿ ನೋಡದಿದ್ದರೆ ಅವನಿಗೆ ಊಟ ಸೇರದು. ಸೌನಾ ಎಂಬ ಹಬೆಮನೆಯ ಕಾದ ಕಲ್ಲಿಗೆ ಎರಡನೇ ಸಲ ನೀರು ಹೊಯ್ಯುವಷ್ಟರಲ್ಲಿ ಎದ್ದು ಹೊರಗೆ ಓಡುತ್ತಾನೆ. "ನೀನು ಮೈಮೇಲೆ ಇರುವೆ ಬಿಟ್ಕೊಂಡು ಹುಟ್ಟಿದೋನು," ಎಂದು ಹೆಂಡತಿ ಲೆಂಪಿ ಹೇಳಿ ಹೇಳಿ ಸಾಕಾಗಿ, ಈಗ ಬರೀ ನಿಟ್ಟುಸಿರು ಬಿಡುತ್ತಾಳೆ.

ಇಂಥವನು ಮೂವತ್ತು ವರ್ಷ, ಪ್ರತಿ ಅಕ್ಟೋಬರಿನಲ್ಲೂ, ಸಾವಿರದ ಮುನ್ನೂರು ಮೈಲಿ ದೂರದ ವಯೋಮಿಂಗ್ ಬೆಟ್ಟಕ್ಕೆ ಎಲ್ಕ್ ಬೇಟೆಗೆ ಹೋಗಿಬಂದ. ಜೊತೆಗೆ ಲೆಂಪಿಯ ತಮ್ಮ ಒನ್ನಿ, ಪಕ್ಕದ ಮನೆಯ ಆರ್ವೊ. ಕಡವೆಗಿಂತ ದೊಡ್ಡ ಪ್ರಾಣಿ ಎಲ್ಕ್. ಅದರ ಮೂಳೆ ಬಿಡಿಸಿದ ಮಾಂಸವನ್ನು ಬಟ್ಟೆಚೀಲಗಳಿಗೆ ತುಂಬಿ ಮೂರು ಐಸ್ ಪೆಟ್ಟಿಗೆಗಳಲ್ಲಿ ಊರಿಗೆ ತರಬೇಕು. ಪಾಲಿನ ಕಟ್ಟಳೆ ಆರ್ವೊನದು. ಬೆಟ್ಟದಲ್ಲೇ ಮೂರೂ ಪೆಟ್ಟಿಗೆ ಸಮ ತೂಗಬೇಕು. ಮುಚ್ಚಳ ಬಿದ್ದಮೇಲೆ ಒಂದರದ್ದು ಇನ್ನೊಂದಕ್ಕೆ ಹೋಗಕೂಡದು. ಯಾವುದು ಯಾರದೆಂದು ಊರಿಗೆ ಬಂದಮೇಲೆ ಆರ್ವೊನ ಹೆಂಡತಿ ಹೆಲ್ಮಿ ಬೆನ್ನು ತಿರುಗಿಸಿ ನಿಂತು ಹೆಸರು ಕೂಗಬೇಕು. ದಾರಿಯ ಅದೃಷ್ಟವೂ ಪಾಲಿನೊಳಗೇ ಎನ್ನುತ್ತಿದ್ದ ಆರ್ವೊ.

ಆ ಆರ್ವೊ ಈ ಏಪ್ರಿಲ್‌ನಲ್ಲಿ ತೀರಿಕೊಂಡ. ಹೆಲ್ಮಿ ಯಾರಿಂದಲೂ ಏನೂ ತೆಗೆದುಕೊಳ್ಳುವವಳಲ್ಲ. ಮಣ್ಣಿನ ದಿನ ನೆರೆಯವರು ತಂದಿಟ್ಟ ಪಾತ್ರೆಗಳನ್ನೆಲ್ಲ ಬೆಳಗಿ, ಏಲಕ್ಕಿ ಬ್ರೆಡ್ಡು ತುಂಬಿಸಿ ವಾಪಸು ಕೊಟ್ಟಳು. ಆದರೆ ಪಾಲು ದಾನವಲ್ಲ, ಪಾಲನ್ನು ಬೇಡ ಎನ್ನಲಾರಳು. ಅದಕ್ಕೇ ಬೇಟೆಗೆ ಹೋದವರು ಇಬ್ಬರೇ ಆದರೂ ಪೆಟ್ಟಿಗೆ ಮೂರೇ ತುಂಬಿದವು. ಹೆಲ್ಮಿಯ ಚಳಿಗಾಲದ ಮಾಂಸವನ್ನು ಕೆಡದಂತೆ ತಲುಪಿಸುವುದು ತೌನೊನ ತಲೆಯ ಮೇಲೆ ಬಿತ್ತು. ಅಲ್ಲ, ಅವನೇ ಎಳೆದುಕೊಂಡ.

ಹಾಳು ಸೆಕೆ! ಅಕ್ಟೋಬರಿನಲ್ಲಿ ಡಕೋಟಾದ ಬಯಲು ಕಾದ ಬಾಣಲೆಯಾಗಿತ್ತು. ಐವತ್ತು ಮೈಲಿಗೊಮ್ಮೆ ತೌನೊ ಪಿಕಪ್ ನಿಲ್ಲಿಸುತ್ತಿದ್ದ. ಎರಡು ಪೆಟ್ಟಿಗೆಗಳು ಡೇರೆ, ಹಾಸಿಗೆಗಳ ಅಡಿಯಲ್ಲಿ ಹೂತುಹೋಗಿದ್ದವು. ಕೈಗೆ ಸಿಗುತ್ತಿದ್ದದ್ದು ಹಿಂದಿನ ಬಾಗಿಲಿಗೆ ಒತ್ತಿದ್ದ ಒಂದೇ. ಅದರ ಮುಚ್ಚಳ ತೆಗೆಯುವುದು, ಮೊಣಕೈವರೆಗೆ ಕೈ ಇಳಿಸುವುದು, ಮೂಸುವುದು, ಮುಚ್ಚುವುದು.

"ಲೋ ಭಾವ, ಇನ್ನೆಷ್ಟು ಸಲ ನೋಡ್ತೀಯೋ? ಮಾಂಸ ಏನು ಎದ್ದು ಓಡಿಹೋಗುತ್ತಾ?" ಎಂದ ಒನ್ನಿ.

"ಸೆಕೆ ಕಾಣ್ಸಲ್ವಾ ನಿಂಗೆ? ಹೆಲ್ಮಿಗೆ ಏನಂತ ಮುಖ ತೋರ್ಸೋದು?"

"ಮುಚ್ಚಳ ತೆಗೆದಾಗೆಲ್ಲ ತಣ್ಣಗಿರೋದು ಹೊರಗೆ ಹೋಗುತ್ತೆ ಮಾರಾಯ. ಬಿಸಿಲಲ್ಲ, ನೀನೇ ಬೇಯಿಸ್ತಿದ್ದೀಯ ಅದನ್ನ!"

"ಬಾಯಿ ಮುಚ್ಕೊಂಡು ಕೂತ್ಕೋ."

"ನಾನು ಬಾಯಿ ಮುಚ್ತೀನಿ, ನೀನು ಪೆಟ್ಟಿಗೆ ಮುಚ್ಚು!"

ತೌನೊ ಕೇಳಿದನೇ? ಎಲ್ಲಿಯ ಮಾತು! ಮಿನೆಸೋಟದ ಗಡಿ ದಾಟಿ ಹತ್ತೊಂಬತ್ತನೇ ಸಲ ಮುಚ್ಚಳ ತೆಗೆದಾಗ ಐಸ್ ಇರಲಿಲ್ಲ. ಉಗುರುಬೆಚ್ಚನೆಯ ಕೆಂಪು ನೀರಿನಲ್ಲಿ ಮೇಲಿನ ಚೀಲಗಳು ತೇಲುತ್ತಿದ್ದವು. ತಳದ ಚೀಲಗಳು ಗಟ್ಟಿಯಾಗಿ ತಣ್ಣಗೇ ಇದ್ದವು. ಮೇಲಿನವು ಹುಳಿವಾಸನೆ ಹೊಡೆಯುತ್ತಿದ್ದವು, ಕೈಗೆ ಲೋಳೆ ಅಂಟಿತು. ಅವಸರದಲ್ಲಿ ಉಳಿದೆರಡನ್ನು ಹೊರಗೆಳೆದು ನೋಡಿದರೆ, ಯಾರೂ ಮುಟ್ಟದ ಆ ಪೆಟ್ಟಿಗೆಗಳಲ್ಲಿ ಐಸ್ ಕಲ್ಲಿನ ಹಾಗೆ ಕೂತಿತ್ತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತೌನೊ ರಸ್ತೆಬದಿಯ ಹುಲ್ಲಿನಲ್ಲಿ ನಿಂತು ಗೊಳೋ ಎಂದು ಅಳುವುದೊಂದು ಬಾಕಿ.

ಅರ್ಧ ಪೆಟ್ಟಿಗೆ ಮಾಂಸ ಚೆಲ್ಲಿ, ಉಳಿದದ್ದಕ್ಕೆ ಹೊಸ ಐಸ್ ತುಂಬಿದರು.

"ಮೂರನ್ನೂ ಮತ್ತೆ ಸಮ ಮಾಡಿಬಿಡೋಣ್ವಾ?" ಎಂದು ಒನ್ನಿ ಮೆಲ್ಲಗೆ ಕೇಳಿದ.

"ಆರ್ವೊ ಇದ್ದಾಗ ಮಾಡ್ತಿದ್ವಾ? ಮತ್ತೆ? ಇದು ನನ್ನ ಪೆಟ್ಟಿಗೆ. ಅವಳು ಏನೇ ಕೂಗಲಿ, ಇದು ನಂದೇ. ನೀನು ಉಸಿರೆತ್ತಬೇಡ."

ಮರುದಿನ ಬೆಳಗ್ಗೆ ಹೆಲ್ಮಿಯ ಕೊಟ್ಟಿಗೆಯ ಹಲಗೆ ನೆಲದ ಮೇಲೆ ಮೂರು ಪೆಟ್ಟಿಗೆ ಸಾಲಾಗಿ ಕೂತವು. ಹೆಲ್ಮಿ ಆರ್ವೊನ ಹಳೆಯ ಸ್ವೆಟರ್ ಹಾಕಿಕೊಂಡು ಬಂದಳು, ಗೋಡೆಗೆ ಮುಖ ಮಾಡಿ ನಿಂತಳು. ತೌನೊ ಕೆಟ್ಟ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟ.

"ಇದು ಯಾರದು?"

"ಆರ್ವೊಂದು," ಎಂದಳು ಹೆಲ್ಮಿ.

ಒನ್ನಿ ಸೂರು ನೋಡಿದ. ತೌನೊ ಉಸಿರು ಬಿಗಿಹಿಡಿದು, ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಎರಡನೇ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಹಾಂ, ಇದು ಆರ್ವೊಂದು. ಆಯ್ತು, ಮುಂದಿಂದು..."

"ತೌನೊ." ಅವಳು ತಿರುಗಿ ನಿಂತಿದ್ದಳು. "ಮೂವತ್ತು ವರ್ಷ ಬೆನ್ನು ತಿರುಗಿಸಿದ್ದೀನಿ ಕಣೋ, ಕಿವಿ ತಿರುಗಿಸಿಲ್ಲ. ನಿನ್ನ ಬೂಟು ಈ ಹಲಗೆ ಬಿಟ್ಟು ಆ ಹಲಗೆಗೆ ಯಾಕೆ ಹೋಯ್ತು?"

ಅವಳೇ ಬಂದು ಮೊದಲನೆಯದರ ಮುಚ್ಚಳ ತೆಗೆದಳು. ಅರ್ಧ ಖಾಲಿ. ತೌನೊನ ಮುಖ ಕಪ್ಪಿಟ್ಟಿತು.

"ನಾನೇ ಕೆಡಿಸ್ದೆ ಹೆಲ್ಮಿ. ಕೆಡಬಾರ್ದು ಅಂತ ತೆಗೆದೂ ತೆಗೆದೂ ನೋಡಿ ಕೆಡಿಸ್ದೆ. ನಂದು ನಂಗಿರ್ಲಿ, ನಿನ್ನ ಕಾಲಿಗೆ ಬೀಳ್ತೀನಿ, ಆ ತುಂಬಿದ್ದು ತಗೋ."

"ತುಂಬಿದ್ದು ತಗೊಂಡ್ರೆ ಅದು ದಾನ. ಕೂಗಿದ್ದು ಕೂಗಿದ್ದೇ, ಇದೇ ನನ್ನ ಪಾಲು." ಅವಳು ಮುಚ್ಚಳ ಹಾಕಿದಳು. "ಆದ್ರೆ ಇನ್ನರ್ಧ ನೀನು ಕೊಡ್ಬೇಕು."

"ಕೊಡ್ತೀನಿ, ನನ್ನ ಪೆಟ್ಟಿಗೆಯಿಂದ ಈಗ್ಲೇ..."

"ಮಾಂಸ ಯಾರಿಗೆ ಬೇಕೋ! ಆರ್ವೊ ಬೆಟ್ಟದಿಂದ ಬಂದ ದಿನ ಅಡುಗೆಮನೇಲಿ ಕೂತು ಮೊದಲಿಂದ ಕೊನೇವರೆಗೆ ಹೇಳ್ತಿದ್ದ. ಎಲ್ಲಿ ಮಲಗಿದ್ರಿ, ಒನ್ನಿ ಎಲ್ಲಿ ಜಾರಿಬಿದ್ದ, ಎಲ್ಲ. ನೀನು ಪ್ರತಿ ವರ್ಷ ಪೆಟ್ಟಿಗೆ ಇಳಿಸಿ ಓಡಿದೋನು. ಈ ಸಲ ಹೇಳೋರು ಯಾರು ನಂಗೆ? ಬಾ, ಕೂತ್ಕೋ."

ತೌನೊ ಬಾಗಿಲ ಕಡೆ ನೋಡಿದ. ಒನ್ನಿ ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದ, ಕಿಲಾಡಿ.

ಅಡುಗೆಮನೆಯಲ್ಲಿ ಆರ್ವೊನ ಕುರ್ಚಿ ಬಿಟ್ಟು ಪಕ್ಕದ್ದರಲ್ಲಿ ತೌನೊ ಕೂತ. ಮೇಜಿನಡಿಯಲ್ಲಿ ಮೊಣಕಾಲು ಕುಣಿಯುತ್ತಿತ್ತು. ಹೆಲ್ಮಿ ಕಾಫಿ ಬಗ್ಗಿಸಿ ಎದುರಿಗೆ ಕೂತಳು. ಅವನು ಲೋಟ ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಮೊದಲಿಂದ ಹೇಳು," ಎಂದಳು.

"ಮೊದಲು... ಅಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅವನು ಬೆಳಗಾತ ಕೂರ್ತಿದ್ದ ಜಾಗ," ಎಂದ ತೌನೊ. "ಈ ಸಲ ಅದರ ಹತ್ರ ನಾವಿಬ್ರೂ ಹೋಗ್ಲಿಲ್ಲ, ಹೆಲ್ಮಿ. ಎಂಟು ದಿನ ಸುತ್ತುಬಳಸಿ ಓಡಾಡಿದ್ವಿ. ಹೋಗೋಕೆ ಆಗ್ಲೇ ಇಲ್ಲ ಕಣೇ."